ಚಾಕುವಿನ ಬೆನ್ನು ತಟ್ಟುವವಳು

ಬೆಳಗ್ಗೆ ಆರು ಗಂಟೆ ಐದು ನಿಮಿಷ. ಕಾರ್ಖಾನೆಯ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಸೊಂಟ ಬಗ್ಗಿಸಿ ಒಳಗೆ ನುಸುಳಿದರೆ ಎಣ್ಣೆ ಮತ್ತು ಉಜ್ಜಿದ ಕಬ್ಬಿಣದ ವಾಸನೆ ಮೂಗಿಗೆ ಬಡಿಯುತ್ತದೆ. ಯಂತ್ರಗಳೆಲ್ಲ ಸುಮ್ಮನಿವೆ. ಪೂರ್ವದ ಕಿಟಕಿಯ ಪಕ್ಕದ ಮೇಜಿನಿಂದ ಮಾತ್ರ ಸದ್ದು. ಟಕ್. ಆಮೇಲೆ ಮರದ ಮೇಲೆ ಮೂರು ಏಟು. ಮತ್ತೆ ಟಕ್.

ಮೇಜಿನ ಹಿಂದೆ ಸ್ಟೂಲಿನ ಮೇಲೆ ಐವತ್ತಾರು ವರ್ಷದ ಹೆಂಗಸು ಕೂತಿದ್ದಾರೆ. ಮೂಗಿನ ತುದಿಗೆ ಜಾರಿದ ಕನ್ನಡಕ, ಬಲ ಹೆಬ್ಬೆರಳಿಗೆ ಸುತ್ತಿದ ಬಟ್ಟೆಪಟ್ಟಿ. ಎಡಕ್ಕೆ ಮಡಚುವ ಚಾಕುಗಳ ರಾಶಿ, ಬಲಕ್ಕೆ ಖಾಲಿ ಟ್ರೇ, ಕಾಲ ಬುಡದಲ್ಲಿ ಕೆಂಪು ಡಬ್ಬ. ಒಂದು ಚಾಕು ಎತ್ತಿಕೊಳ್ಳುತ್ತಾರೆ. ಹೆಬ್ಬೆರಳಿನಿಂದ ಅಲಗನ್ನು ಬಿಚ್ಚಿ ಕಿವಿಗೊಡುತ್ತಾರೆ. ಮೊನೆ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸುತ್ತಾರೆ. ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿದು, ಅಲಗು ಮಡಚುವ ದಾರಿಯಿಂದ ಬೆರಳುಗಳನ್ನು ದೂರವಿಟ್ಟು, ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ಮೂರು ಸಲ ತಟ್ಟುತ್ತಾರೆ. ಹಳೆಯ ದಿನಪತ್ರಿಕೆಯ ಅಂಚನ್ನು ಸೀಳುತ್ತಾರೆ. ಮಡಚುತ್ತಾರೆ. ಬಲಗಡೆಯ ಟ್ರೇಗೆ ಹಾಕುತ್ತಾರೆ. ಎಲ್ಲ ಸೇರಿ ಮುಕ್ಕಾಲು ನಿಮಿಷ.

ಹದಿನೇಳನೆಯ ಚಾಕು ಮೂರನೆಯ ಏಟಿಗೆ ಪಟಕ್ಕನೆ ಮಡಚಿಕೊಳ್ಳುತ್ತದೆ. ಅವರ ಬಾಯಿಂದ ಇಲ್ಲಿ ಅಚ್ಚು ಹಾಕಲಾಗದ ಒಂದು ಮಾತು ಬರುತ್ತದೆ. ಎದ್ದು, ಮೇಜಿನ ತುದಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಗೆ ಅಲಗನ್ನು ಸಿಕ್ಕಿಸಿ, ಮೇಲೊಂದು ದಪ್ಪ ಬಟ್ಟೆ ಹೊದಿಸಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಚಾಕು ಎರಡು ತುಂಡು. ತುಂಡುಗಳು ಕೆಂಪು ಡಬ್ಬಕ್ಕೆ.

"ಮುರಿಯಲೇಬೇಕಾ? ಡಬ್ಬಕ್ಕೆ ಹಾಕಿದರೆ ಸಾಲದಾ?" ಎಂದು ಕೇಳುತ್ತೇನೆ.

"ಒಂದ್ಸಲ ಮುರೀದೆ ಬಿಟ್ಟಿದ್ದೆ," ಅನ್ನುತ್ತಾರೆ. ಹದಿನೆಂಟನೆಯದನ್ನು ಕೈಗೆತ್ತಿಕೊಂಡು, ನನ್ನ ಜೊತೆ ಬಂದಿರುವ ನಮ್ಮ ಪತ್ರಿಕೆಯ ಛಾಯಾಗ್ರಾಹಕನ ಕಡೆ ತಿರುಗುತ್ತಾರೆ. "ನನ್ನ ಮುಖ ಬೇಡಪ್ಪ. ಈ ಮುರಿದಿದ್ದರ ಫೋಟೋ ತೆಗಿ. ಕೆಟ್ಟ ಲಾಕು ಹೇಗಿರುತ್ತೆ ಅಂತ ನಾಲ್ಕು ಜನ ನೋಡ್ಲಿ."

ಇಲ್ಲಿ ಎಲ್ಲರೂ ಅವರನ್ನು ಟಕ್ಕಮ್ಮ ಅಂತಲೇ ಕರೆಯುತ್ತಾರೆ. ಲಾಕು ಬೀಳುವ ಟಕ್ ಸದ್ದಿನಿಂದ ಹುಟ್ಟಿದ ಹೆಸರು. ಟಕ್ಕ ಅಂದರೆ ಮೋಸಗಾರ ಎಂಬ ಅರ್ಥವೂ ಇರುವುದರಿಂದ ಹೊಸದಾಗಿ ಸೇರಿದವರು ಮೊದಮೊದಲು ಹಿಂಜರಿಯುತ್ತಾರಂತೆ. "ಕರೀರಿ ಪರವಾಗಿಲ್ಲ. ಈ ಕಟ್ಟಡದಲ್ಲಿ ಆ ಹೆಸರಿಗೆ ತಕ್ಕೋರು ಬೇರೆ ಇದ್ರು, ಅವರನ್ನ ಎಲ್ಲರೂ ಸಾಹೇಬ್ರು ಅಂತಿದ್ರು," ಎನ್ನುವಾಗ ಟಕ್ಕಮ್ಮನ ಮುಖದಲ್ಲಿ ನಗುವಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವರದು ಇದೇ ಮೇಜು, ಇದೇ ಕಿಟಕಿ. ದಿನಕ್ಕೆ ಐನೂರು ಚಾಕು. ಒಂದೊಂದಕ್ಕೆ ಮೂರರಂತೆ ದಿನಕ್ಕೆ ಸಾವಿರದ ಐನೂರು ಏಟು. ಬಲ ಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ಹೆಬ್ಬೆರಳಿನ ಉಗುರು ಸವೆದು ಚಪ್ಪಟೆಯಾಗಿದೆ. ಮನೆಯಲ್ಲಿ ಬಟ್ಟೆ ಹೊಲಿಯುವ ಗಂಡ ಅವರ ರವಿಕೆಯ ಬಲತೋಳನ್ನು ಬೇರೆಯೇ ಅಳತೆಗೆ ಕತ್ತರಿಸುತ್ತಾರೆ. "ನಮ್ಮವಳದ್ದು ಎರಡು ಅಳತೆ," ಎಂದು ನಕ್ಕು, "ನಾಲಿಗೆಗೆ ಮಾತ್ರ ಅಳತೇನೇ ಇಲ್ಲ," ಅನ್ನುತ್ತಾರೆ.

ಕಬ್ಬಿಣದ ಸದ್ದು ಕೇಳುವ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಸಾಣೆ ಚಕ್ರವನ್ನು ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದವರು. ಮಗಳು ಜೊತೆಗೆ ಹೋಗುತ್ತಿದ್ದಳು. ಯಾರಾದರೂ ಕತ್ತರಿಯನ್ನೋ ಚಾಕುವನ್ನೋ ತಂದುಕೊಟ್ಟರೆ ಅಪ್ಪ ಅದನ್ನು ಮೊದಲು ಉಗುರಿನಿಂದ ಮೀಟಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಹದ ಸರಿಯಿದ್ದರೆ ಸದ್ದು ಎಳೆದುಕೊಂಡು ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಸಾಯುತ್ತದೆ. ಹದ ಇಲ್ಲದ್ದನ್ನು ಅಪ್ಪ ಮಸೆಯುತ್ತಿರಲಿಲ್ಲ, ವಾಪಸ್ ಕೊಡುತ್ತಿದ್ದರು. "ಮಸೆದ್ರೆ ಇವತ್ತು ಹೊಳೆಯುತ್ತೆ, ನಾಳೆ ಬಯ್ಯೋರು ಬಯ್ಯೋದು ನನ್ನನ್ನ" ಎನ್ನುವುದು ಅಪ್ಪನ ಮಾತಂತೆ.

ಈ ಕಾರ್ಖಾನೆಯಲ್ಲಿ ಆಗುವುದು ಅಗ್ಗದ ಚಾಕುಗಳು. ದುಬಾರಿ ಚಾಕು ಕೊಳ್ಳುವವರು ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು, ನೆಂಟರು ಬಂದಾಗ ತೆಗೆದು ತೋರಿಸುತ್ತಾರೆ. ಅಗ್ಗದ ಚಾಕು ಇರುವುದು ದಿನವಿಡೀ ಜೇಬಿನಲ್ಲಿ. ಪಾರ್ಸೆಲ್ಲಿನ ಹಗ್ಗ ಕೊಯ್ಯುವವರು, ತಂತಿಯ ಮೇಲಿನ ರಬ್ಬರ್ ಸುಲಿಯುವವರು, ಸಿಮೆಂಟಿನ ಚೀಲ ಬಿಚ್ಚುವವರು, ಗಿಡದ ಕಡ್ಡಿ ಕತ್ತರಿಸುವವರು, ಹಣ್ಣು ಹೋಳು ಮಾಡಿ ಮಾರುವವರು. ಅವರ ಚಾಕು ದಿನಕ್ಕೆ ನಲವತ್ತು ಸಲ ಬಿಚ್ಚಿಕೊಳ್ಳುತ್ತದೆ, ನಲವತ್ತು ಸಲ ಮಡಚಿಕೊಳ್ಳುತ್ತದೆ. ಹೆಚ್ಚು ದುಡಿಯುವ ಚಾಕುವೇ ಕಡಿಮೆ ಬೆಲೆಯದು. ಅದನ್ನು ಹಿಡಿಯುವ ಕೈಗಳ ಕಥೆಯೂ ಅದೇ ಅಲ್ಲವೇ?

ಮಾತಿನ ನಡುವೆ ಟಕ್ಕಮ್ಮ ನನ್ನ ಜೇಬಿನ ಕಡೆ ಗಲ್ಲ ಆಡಿಸುತ್ತಾರೆ. "ನಿಮ್ಮ ಹತ್ರಾನೂ ಒಂದಿದೆ ಅಂತ ಕಾಣುತ್ತೆ. ಕ್ಲಿಪ್ ಹೊರಗೆ ಬಂದಿದೆ ನೋಡಿ."

ಇದೆ. ಉಡುಗೊರೆಯಾಗಿ ಬಂದದ್ದು. ಮರದ ಹಿಡಿ, ಕನ್ನಡಿಯಂಥ ಅಲಗು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದಿತ್ತು. ಸ್ವಲ್ಪ ಹೆಮ್ಮೆಯಿಂದಲೇ ಕೊಡುತ್ತೇನೆ. ಅವರು ಮೊದಲು ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಲಗು ಹಿಡಿಯ ನಡುಮಧ್ಯೆ ಕೂತಿಲ್ಲ, ಒಂದು ಪಕ್ಕಕ್ಕೆ ಉಜ್ಜುತ್ತಿದೆ. ಬಿಚ್ಚಿ ಒಳಗಿನ ಪಟ್ಟಿಯನ್ನು ತೋರಿಸುತ್ತಾರೆ. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯೊಳಗಿನ ಒಂದು ತೆಳು ಪಟ್ಟಿ ಪಕ್ಕಕ್ಕೆ ಜರುಗಿ ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಅದೇ ಲಾಕು. ನನ್ನ ಚಾಕುವಿನಲ್ಲಿ ಪಟ್ಟಿ ಅಲಗಿನ ಬುಡದ ಅಂಚಿಗೆ ಮಾತ್ರ ತಾಗಿದೆ, ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟು ನೇತಾಡುವವನ ಹಾಗೆ. ತಟ್ಟುತ್ತಾರೆ. ಎರಡನೆಯ ಏಟಿಗೆ ಮಡಚಿಕೊಳ್ಳುತ್ತದೆ.

"ಹೊಳಪು ಚೆನ್ನಾಗಿದೆ," ಎಂದು ವಾಪಸ್ ಕೊಡುತ್ತಾರೆ. "ಕಾಗದ ಹಾರದ ಹಾಗೆ ಮೇಲಿಟ್ಕೊಳ್ಳಿ."

ಆಮೇಲೆ ತಮ್ಮ ಟ್ರೇಯಿಂದ ಒಂದನ್ನು ತೆಗೆದು ಕೈಗಿಡುತ್ತಾರೆ. ಪ್ಲಾಸ್ಟಿಕ್ ಹಿಡಿ, ಮಂಕು ಅಲಗು, ನೋಡುವುದಕ್ಕೆ ಏನೂ ಇಲ್ಲ. "ಇದನ್ನ ಅಲುಗಿಸಿ. ಅಲುಗುತ್ತಾ? ಲಾಕು ನೋಡಿ, ಪೂರ್ತಿ ಬುಡದ ಮೇಲೆ ಕೂತಿದೆ. ಹಗ್ಗ ಇಪ್ಪತ್ತು ಸಲ ಕೊಯ್ದ ಮೇಲೂ ಕಾಗದ ಸೀಳುತ್ತೆ. ಒಂದೇ ಕೈಯಲ್ಲಿ ಬಿಚ್ಬಹುದು, ಇನ್ನೊಂದು ಕೈಯಲ್ಲಿ ಏಣಿ ಹಿಡ್ಕೊಂಡಿರ್ತಾರಲ್ಲ ಪಾಪ. ಕ್ಲಿಪ್ ಬಿಗಿ ಇದೆ, ಬಗ್ಗಿದ್ರೆ ಬೀಳಲ್ಲ. ಅಗ್ಗದ್ದನ್ನೂ ನೆಟ್ಟಗೆ ಮಾಡ್ಬಹುದು ಸ್ವಾಮಿ. ಆಗಲ್ಲ ಅನ್ನೋರು ಸುಳ್ಳು ಹೇಳ್ತಾರೆ."

ಈ ಮಾತು ಅವರು ಸುಮ್ಮನೆ ಆಡುತ್ತಿಲ್ಲ. ಆಗಲ್ಲ ಅಂದವರ ಜೊತೆ ಅವರಿಗೆ ಮೂರು ವರ್ಷದ ಹಿಂದೆ ಜಗಳವಾಗಿದೆ.

ಆಗ ಅಲಗಿನ ಬುಡ ಉಜ್ಜುವ ಕೆಲಸವನ್ನು ಹೊರಗಿನವರೊಬ್ಬರಿಗೆ ಕೊಟ್ಟಿದ್ದರು. ಅಲ್ಲಿನ ಎರಡು ಚಕ್ರಗಳಲ್ಲಿ ಒಂದು ಓರೆಯಾಗಿತ್ತು. ಅದರಲ್ಲಿ ಉಜ್ಜಿದ ಅಲಗುಗಳ ಬುಡ ಇಳಿಜಾರಾಯಿತು. ಪಟ್ಟಿ ಬಂದು ಕೂರುತ್ತದೆ, ಪೆಟ್ಟು ಬಿದ್ದಾಗ ಜಾರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆ ಕಂತಿನಲ್ಲಿ ಬಂದ ಚಾಕುಗಳು ಸಾವಿರದ ಇನ್ನೂರು. ಹಿಡಿಯ ಬುಡದಲ್ಲಿ ಗುರುತಿಗೆಂದು ಮೂರು ಚುಕ್ಕಿ ಒತ್ತಿದ್ದರು.

ಟಕ್ಕಮ್ಮ ಐವತ್ತು ತಟ್ಟಿದರು. ಇಪ್ಪತ್ತು ಮಡಚಿಕೊಂಡವು. ಕೆಲವು ಮೂರು ಏಟಿಗೆ ನಿಂತು ಏಳನೆಯದಕ್ಕೆ ಜಾರಿದವು. ಅಷ್ಟೂ ಪೆಟ್ಟಿಗೆಗಳನ್ನು, ತಳ್ಳಿಹಾಕಿದ ಸರಕು ಇಡಲು ನೆಲದ ಮೇಲೆ ಎಳೆದ ಕೆಂಪು ಗೆರೆಯಾಚೆ ತಳ್ಳಿ ಮೇಲ್ವಿಚಾರಕರ ಕೋಣೆಗೆ ಹೋದರು. ಒಂದೊಂದನ್ನೂ ಹತ್ತು ಸಲ ತಟ್ಟಬೇಕು, ಎರಡು ದಿನ ಕೊಡಿ, ಬೇಕಾದರೆ ಊಟದ ಹೊತ್ತಿನಲ್ಲೂ ಕೂರುತ್ತೇನೆ ಎಂದರು.

"ಸಾಹೇಬ್ರು ಕುರ್ಚಿಯಿಂದ ಏಳ್ಲೂ ಇಲ್ಲ," ಎಂದು ನೆನೆಯುತ್ತಾರೆ. "'ಈ ಬೆಲೆಗೆ ಇನ್ನೇನು ಸಿಗುತ್ತಮ್ಮ? ಕೊಂಡೋರು ಯಾರು ಬೆನ್ನು ತಟ್ಟಿ ನೋಡ್ತಾರೆ?' ಅಂದ್ರು. ನಾನಂದೆ, ಯಾರೂ ನೋಡಲ್ಲ ಅಂತಾನೇ ತಾನೆ ನನ್ನನ್ನ ಇಲ್ಲಿ ಕೂರಿಸಿರೋದು? ಅದಕ್ಕೆ ಅವರು, 'ನಿಮ್ಮ ಕಣ್ಣು ದಣಿದಿದೆ, ಮೂರು ದಿನ ರಜೆ ತಗೊಂಡು ಕಣ್ಣಿನ ಡಾಕ್ಟರಿಗೆ ತೋರಿಸ್ಕೊಳ್ಳಿ' ಅಂದ್ರು. ಮೂರು ದಿನ ರಜೆ ಕೊಟ್ರು. ಎರಡು ದಿನ ಕೆಲಸ ಕೊಡ್ಲಿಲ್ಲ!"

ನಾಲ್ಕನೆಯ ದಿನ ಬಂದಾಗ ಕೆಂಪು ಗೆರೆಯಾಚೆ ನೆಲ ಖಾಲಿ. ಗುಜರಿಗೆ ಹೋಯಿತು ಅಂದರು. ಟಕ್ಕಮ್ಮ ನಂಬಿದರು. ಆ ನಂಬಿಕೆಗೆ ತಮ್ಮನ್ನು ತಾವೇ ಇವತ್ತಿಗೂ ಬಯ್ದುಕೊಳ್ಳುತ್ತಾರೆ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕಾವಲುಗಾರ ಒಳಗೆ ಬಂದು, "ಅಕ್ಕಾ, ಗೇಟಿನ ಹತ್ರ ಒಬ್ಬಳು ಬಂದಿದ್ದಾಳೆ. ಏಳು ಯಾರು, ಏಳು ಯಾರು ಅಂತ ಕೇಳ್ತಾನೇ ಇದ್ದಾಳೆ," ಎಂದ.

ಏಳು ಅಂದರೆ ಟಕ್ಕಮ್ಮ. ಪ್ರತಿ ಚಾಕುವಿನ ಡಬ್ಬಿಯೊಳಗೆ ಒಂದು ಸಣ್ಣ ಚೀಟಿ ಇರುತ್ತದೆ. ಪರೀಕ್ಷಿಸಿದೆ ಎಂದು ಅಚ್ಚಾಗಿದ್ದು, ಅದರ ಕೆಳಗೆ ಪರೀಕ್ಷೆ ಮಾಡಿದವರ ಸಂಖ್ಯೆಯ ಮುದ್ರೆ ಒತ್ತುತ್ತಾರೆ. ಗೇಟಿನಲ್ಲಿ ನಿಂತಿದ್ದವಳಿಗೆ ಮೂವತ್ತು ದಾಟಿರಲಿಲ್ಲ. ಪಾರ್ಸೆಲ್ ಗೋಡೌನಿನಲ್ಲಿ ಕಟ್ಟು ಬಿಚ್ಚುವ ಕೆಲಸ. ಬಲಗೈ ಮೊಣಕೈವರೆಗೆ ಬ್ಯಾಂಡೇಜು, ಎಡಗೈಯಲ್ಲಿ ಆ ಚೀಟಿ. ದಪ್ಪ ರಟ್ಟಿನಲ್ಲಿ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಎಳೆದಾಗ ಲಾಕು ಜಾರಿ, ಅಲಗು ಅವಳ ಎರಡು ಬೆರಳುಗಳ ಮೇಲೆ ಮಡಚಿಕೊಂಡಿತ್ತು. ನರ ತುಂಡಾಗಿತ್ತು. ತೋರುಬೆರಳೂ ನಡುಬೆರಳೂ ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಅಲ್ಲಿ ನಡೆದ ಮಾತನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಒಂದಕ್ಷರ ವ್ಯತ್ಯಾಸವಿಲ್ಲ.

"ನೀವಾ ಏಳು?"

"ನಾನೇ ಕಣಮ್ಮ."

"ನಾನು ಜಗಳ ಆಡೋಕೆ ಬಂದಿಲ್ಲ. ನಿಮ್ಮ ಮುಖ ನೋಡ್ಬೇಕಿತ್ತು. ನೋಡಿದ್ದೀನಿ ಅಂತ ಬರ್ದಿದ್ದೀರಲ್ಲ ಇದ್ರಲ್ಲಿ, ಏನು ನೋಡಿದ್ರಿ?"

ಟಕ್ಕಮ್ಮ ಚೀಟಿ ಇಸಕೊಂಡರು. ಮುದ್ರೆ ಅವರದೇ. ಮೂರು ದಿನ ರಜೆಗೆ ಹೋದಾಗ ಮೇಜಿನ ಡ್ರಾಯರಿನಲ್ಲಿ ಬಿಟ್ಟುಹೋಗಿದ್ದ ಮುದ್ರೆ. ಈಗ ನೆನೆಯುತ್ತಾರೆ: "ಇದು ನಂದಲ್ಲ ಅಂತ ಹೇಳಿ ಒಳಗೆ ಬಂದ್ಬಿಡ್ಬಹುದಿತ್ತು. ಅವಳ ಕೈ ನೋಡಿದ್ಮೇಲೆ ಹೇಗೆ ಬರ್ಲಿ?"

"ತಂಗೀ," ಎಂದರಂತೆ, "ನಂಬರು ನಂದು. ಒತ್ತಿದ ಕೈ ನಂದಲ್ಲ. ನಾನು ಇದನ್ನ ಕೆಂಪಿಗೆ ಹಾಕಿದ್ದೆ. ಹಾಕಿ ಸುಮ್ಮನಾದೆ ನೋಡು, ಅದು ಮಾತ್ರ ನನ್ನ ತಪ್ಪು. ಬಾ, ಇನ್ಮೇಲೆ ಸುಮ್ಮನಿರಲ್ಲ."

ಅದೇ ದಿನ ಅವರು ಮೇಲ್ವಿಚಾರಕರ ಕೋಣೆಗೆ ಹೋಗಿ ಚೀಟಿಯನ್ನು ಮೇಜಿನ ಮೇಲೆ ಬಡಿದರು. ಮೇಲ್ವಿಚಾರಕರು ಚೀಟಿ ನೋಡಲಿಲ್ಲ. ಬಳಸಲು ಬಾರದವರು ಕೈ ಕೊಯ್ದುಕೊಂಡರೆ ಕಂಪನಿ ಏನು ಮಾಡಲಾದೀತು ಎಂದರು. ಮಾರನೆಯ ಬೆಳಗ್ಗೆ ಗೇಟಿನಲ್ಲಿ ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ. ಟಕ್ಕಮ್ಮನನ್ನು ಒಳಗೆ ಬಿಡಬಾರದೆಂದು ಆಜ್ಞೆಯಾಗಿತ್ತು.

ಮುಂದಿನ ಭಾನುವಾರದಿಂದ ಹಾರ್ಡ್‌ವೇರ್ ಅಂಗಡಿಗಳ ಸಾಲಿನಲ್ಲಿ ಈ ಇಬ್ಬರು ಹೆಂಗಸರು ಕಾಣಿಸಿಕೊಳ್ಳತೊಡಗಿದರು. ಒಬ್ಬರು ಗಿರಾಕಿಗಳ ಎದುರೇ ಮೂರು ಚುಕ್ಕಿಯ ಚಾಕು ಕೇಳಿ, ಗಲ್ಲಾದ ಮರದ ಹಲಗೆಗೆ ಅದರ ಬೆನ್ನು ತಟ್ಟುವುದು. ಮಡಚಿಕೊಂಡರೆ ಇನ್ನೊಬ್ಬರು ತಮ್ಮ ಬಲಗೈಯನ್ನು ಮುಂದಕ್ಕೆ ಚಾಚುವುದು. ಹನ್ನೊಂದು ಅಂಗಡಿಗಳಲ್ಲಿ ಬೈಗುಳ ಬಿತ್ತು. ಒಬ್ಬನಂತೂ ಬಕೆಟ್ಟಿನ ನೀರು ಎರಚಿದ. ಹನ್ನೆರಡನೆಯ ಅಂಗಡಿಯ ಮುದುಕ ಮಾತ್ರ ಚಾಕುವನ್ನು ತಾನೇ ತೆಗೆದುಕೊಂಡು ತಟ್ಟಿ ನೋಡಿದ. ಮಡಚಿಕೊಂಡಿತು. ಇನ್ನೊಂದು ತಟ್ಟಿದ. ಆಮೇಲೆ ಕಪಾಟಿನಲ್ಲಿದ್ದ ಅಷ್ಟನ್ನೂ ಕೆಳಗಿಳಿಸಿ, ಶಟರ್ ಎಳೆದು, "ಇವತ್ತು ವ್ಯಾಪಾರ ಇಲ್ಲ, ಕೂತ್ಕೊಳ್ಳಿ, ಎಲ್ಲಾ ನೋಡೋಣ," ಎಂದ. ತಟ್ಟದೆ ಉಳಿಸಿದ ಹತ್ತು ಚಾಕುಗಳನ್ನು ದೂರಿಗೆ ಸಾಕ್ಷಿಯಾಗಿ ಬೀಗ ಹಾಕಿ ಇಟ್ಟುಕೊಟ್ಟವನೂ ಅವನೇ.

ದೂರು ಹೋದದ್ದು ಗ್ರಾಹಕರ ನ್ಯಾಯಾಲಯಕ್ಕೆ. ಟಕ್ಕಮ್ಮನ ಬಳಿ ಒಂದು ಶಾಲಾ ನೋಟ್‌ಬುಕ್ ಇತ್ತು. ದಿನವೂ ಯಾವುದನ್ನು ಏಕೆ ತಳ್ಳಿಹಾಕಿದೆ ಎಂದು ಬರೆದಿಡುವ ಅಭ್ಯಾಸ. ಹಾಳೆ ಉದುರದಂತೆ ಗಂಡ ಅದರ ನಡುವನ್ನು ಮಿಷನ್ನಿನಲ್ಲಿ ಹೊಲಿದುಕೊಟ್ಟಿದ್ದರು. ಆ ದಿನದ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿದೆ: "ಮೂರು ಚುಕ್ಕಿ. ಐವತ್ತಕ್ಕೆ ಇಪ್ಪತ್ತು ಹೋಯ್ತು. ಎಲ್ಲಾ ತಟ್ಟೋವರೆಗೆ ಕಳಿಸಬಾರದು ಅಂತ ಹೇಳಿದ್ದೀನಿ." ಕಂಪನಿಯ ವಕೀಲರು ಇದನ್ನು ಮನೆಯಲ್ಲಿ ಕೂತು ಆಮೇಲೆ ಬರೆದದ್ದು ಎಂದರು. ಆಮೇಲೆ, ಚಾಕು ಇರುವುದು ಕೊಯ್ಯುವುದಕ್ಕೆ, ಅದರ ಬೆನ್ನು ಬಡಿಯುವುದಕ್ಕಲ್ಲ ಎಂದು ನಕ್ಕರು.

"ಸಿಕ್ಕಿಕೊಂಡಾಗ ಎಳೀತೀವಲ್ಲ ಸ್ವಾಮಿ, ಆಗ ಪೆಟ್ಟು ಬೀಳೋದು ಬೆನ್ನಿಗೇ," ಎಂದು ಟಕ್ಕಮ್ಮ ಎದ್ದು ನಿಂತರು. ತೋರಿಸಲು ಅನುಮತಿ ಸಿಕ್ಕಿತು.

ಬೀಗ ತೆಗೆದು ಹತ್ತು ಚಾಕುಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದು ಹತ್ತು ಏಟಿಗೂ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದೂ. ವಕೀಲರು ಕಡತ ಜೋಡಿಸಿಕೊಳ್ಳತೊಡಗಿದರು. ಗೋಡೌನಿನ ಹೆಣ್ಣುಮಗಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಟಕ್ಕಮ್ಮ ನಾಲ್ಕನೆಯದನ್ನು ಬಿಚ್ಚಿದರು. ಬಿಚ್ಚಿದವರು ತಟ್ಟಲಿಲ್ಲ. ವಕೀಲರ ಕಡೆ ತಿರುಗಿ, "ಸ್ವಲ್ಪ ನಿಮ್ಮ ಪೆನ್ಸಿಲ್ ಕೊಡಿ," ಎಂದರು.

"ಸದ್ದಿನಲ್ಲೇ ಗೊತ್ತಾಗಿತ್ತು ನಂಗೆ," ಎಂದು ಈಗ ಹೇಳುತ್ತಾರೆ. "ಟಕ್ ಅನ್ಲಿಲ್ಲ. ಟಪ್ ಅಂತು."

ಹಿಡಿಯಲ್ಲಿ ಬೆರಳು ಕೂರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು, ತಾವು ಪಕ್ಕದಿಂದ ಹಿಡಿದು, ಬೆನ್ನು ತಟ್ಟಿದರು. ಒಂದೇ ಏಟು. ಅಲಗು ಮಡಚಿಕೊಂಡು ಪೆನ್ಸಿಲ್ಲಿನ ಅರ್ಧದವರೆಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಅದನ್ನು ಹಾಗೆಯೇ ವಕೀಲರ ಮುಂದಿಟ್ಟರು.

"ಇದು ನಿಮ್ಮ ಪೆನ್ಸಿಲ್ಲು. ಅದು ಇವಳ ಬೆರಳು."

ಆ ಕೋಣೆಯಲ್ಲಿದ್ದ ಗುಮಾಸ್ತರೊಬ್ಬರು ನನಗೆ ಹೇಳಿದ್ದು ಇಷ್ಟು: "ಆಮೇಲೆ ವಕೀಲರು ಪೆನ್ಸಿಲ್ ವಾಪಸ್ ಕೇಳ್ಲೂ ಇಲ್ಲ."

ತೀರ್ಪು ಬಂತು. ಗೋಡೌನಿನ ಹೆಣ್ಣುಮಗಳ ಚಿಕಿತ್ಸೆಯ ಹೊಣೆ ಕಂಪನಿಯ ಮೇಲೆ ಬಿತ್ತು. ಮೂರು ಚುಕ್ಕಿಯ ಚಾಕುಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕೆಂದು ಆದೇಶವಾಯಿತು. ಸುದ್ದಿ ಹರಡಿದ ಮೇಲೆ ಗೊತ್ತಾದದ್ದು ಇನ್ನೂ ಘೋರ. ಹಾಗೆಯೇ ಕೊಯ್ದುಕೊಂಡ ಕೈಗಳು ಇನ್ನೂ ಹದಿನಾರು ಇದ್ದವು. ಹದಿನಾರು ಜನರೂ ತಪ್ಪು ತಮ್ಮದೇ ಎಂದುಕೊಂಡು, ಗಾಯಕ್ಕೆ ಬಟ್ಟೆ ಕಟ್ಟಿಕೊಂಡು, ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿದ್ದರು. ಅಗ್ಗದ ಚಾಕು ಕೊಂಡೆವಲ್ಲ, ನಮ್ಮದೇ ತಪ್ಪು, ಎಂದುಕೊಂಡಿದ್ದರು. ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಕೈ ಕೊಯ್ಯುವ ವಸ್ತುವನ್ನು ಗೊತ್ತಿದ್ದೂ ಮಾರಿದವನಿಗೆ ಇಲ್ಲದ ನಾಚಿಕೆ, ಅದನ್ನು ಕೊಂಡವನಿಗೆ ಇತ್ತು.

ಇನ್ನೊಂದು ವಿಷಯವನ್ನೂ ನುಂಗಿಕೊಳ್ಳದೆ ಹೇಳಬೇಕು. ಟಕ್ಕಮ್ಮನನ್ನು ಗೇಟಿನಾಚೆ ನಿಲ್ಲಿಸಿದ ಮೇಲೆ, ಕೈಗಳು ಇನ್ನೂ ಕೊಯ್ದುಹೋಗುತ್ತಿದ್ದ ದಿನಗಳಲ್ಲೇ, ನಮ್ಮ ಇದೇ ಪುರವಣಿಯಲ್ಲಿ ಈ ಕಂಪನಿಯ ಗುಣಮಟ್ಟದ ಬಗ್ಗೆ ಅರ್ಧ ಪುಟ ಬಂದಿದೆ. ಜೊತೆಗೆ ಮೇಲ್ವಿಚಾರಕರ ಫೋಟೋ, ಕೈಯಲ್ಲಿ ಹೂಗುಚ್ಛ. ಬೆನ್ನು ತಟ್ಟಿದ್ದು ನಾವೇ! ಟಕ್ಕಮ್ಮ ಆ ಪುಟವನ್ನು ಹರಿಯದೆ ಇಟ್ಟುಕೊಂಡಿದ್ದಾರೆ. ಮೊದಲ ದಿನ ನಾನು ಪುರವಣಿಯ ಹೆಸರು ಹೇಳಿದಾಗ ಅದನ್ನು ತಂದು ನನ್ನ ಮುಂದೆ ಹಾಸಿದರು. "ಇವರನ್ನ ಹುಡುಕ್ಕೊಂಡು ಬಂದಿದ್ರಲ್ಲ, ಆಗ ಈ ಕಿಟಕಿ ಹತ್ರ ಖಾಲಿ ಸ್ಟೂಲು ಇತ್ತಾ, ನೋಡಿದ್ರಾ?" ಎಂದರು. ಆ ಪ್ರಶ್ನೆಯನ್ನು ಇಲ್ಲಿ ಹಾಗೆಯೇ ಅಚ್ಚು ಹಾಕುತ್ತಿದ್ದೇನೆ.

ಕೆಲಸ ಹೋದ ಮೇಲೆ ಏಳು ತಿಂಗಳು ಟಕ್ಕಮ್ಮ ಮನೆಯಲ್ಲಿದ್ದರು. ಗಂಡನ ಹೊಲಿಗೆ ಮಿಷನ್ ಒಂದೇ ಮನೆ ನಡೆಸಿತು. ಗಂಡ ಒಂದು ದಿನವೂ ನಿನಗ್ಯಾಕೆ ಬೇಕಿತ್ತು ಅನ್ನಲಿಲ್ಲವಂತೆ. "ಅನ್ನೋಕೆ ಧೈರ್ಯ ಬೇಕಲ್ಲ," ಎಂದು ಅವರು ಮಿಷನ್ನಿನ ಹಿಂದಿನಿಂದ ಹೇಳುತ್ತಾರೆ. ಅಷ್ಟರಲ್ಲಿ ಹನ್ನೆರಡನೆಯ ಅಂಗಡಿಯ ಮುದುಕನ ಮಾತು ಕೇಳಿ ಉಳಿದ ಅಂಗಡಿಗಳವರೂ ಈ ಕಂಪನಿಯ ಪೆಟ್ಟಿಗೆ ಇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದರು. ಏಳು ಎಂಬ ಮುದ್ರೆಯ ಹಿಂದೆ ಏಳನೆಯವಳೇ ಕೂತಿದ್ದಾಳೆಂದು ಖಾತ್ರಿಯಾಗುವವರೆಗೆ ಸರಕು ಬೇಡ ಎಂದರು. ಮಾಲೀಕರು ಕಾವಲುಗಾರನನ್ನು ಮನೆಗೆ ಕಳಿಸಿದರು.

ಟಕ್ಕಮ್ಮ ಎರಡೇ ಷರತ್ತು ಹಾಕಿದರು. ಮುದ್ರೆ ತಮ್ಮ ಹತ್ತಿರವೇ ಇರಬೇಕು, ಮನೆಗೆ ಹೋಗುವಾಗಲೂ. ತಾವು ಬೇಡವೆಂದದ್ದನ್ನು ಅಲ್ಲೇ ಆಗಲೇ ಮುರಿದುಹಾಕುವ ಹಕ್ಕು ತಮಗಿರಬೇಕು. ಒಪ್ಪಿಕೊಂಡರು.

"ಮಾಲೀಕರು ಕ್ಷಮೆ ಕೇಳಿದರಾ?" ಎಂದು ಕೇಳುತ್ತೇನೆ.

"ಟೀ ಕೊಟ್ರು."

ಮೇಲ್ವಿಚಾರಕರು? ಅವರಿಗೆ ಏನೂ ಆಗಲಿಲ್ಲ. ಇದೇ ಕಂಪನಿಯ ಇನ್ನೊಂದು ಘಟಕಕ್ಕೆ, ಇದಕ್ಕಿಂತ ದೊಡ್ಡ ಕೋಣೆಗೆ ಹೋದರು. ಅಲ್ಲಿ ಈಗ ಏಣಿಗಳು ತಯಾರಾಗುತ್ತವೆ. ಹೌದು, ಏಣಿಗಳು. ಆ ಏಣಿ ಹತ್ತುವವರು ಯಾರು ಎಂಬುದನ್ನು ಓದುಗರೇ ಯೋಚಿಸಲಿ.

ಸಾವಿರದ ಇನ್ನೂರರಲ್ಲಿ ಕಂಪನಿಗೆ ವಾಪಸ್ ಬಂದದ್ದು ಮುನ್ನೂರ ಹನ್ನೊಂದು. ಅಂಗಡಿಗಳಲ್ಲಿ ಒಂದು ನೋಟಿಸು ಅಂಟಿಸಿ ಕಂಪನಿ ಕೈ ತೊಳೆದುಕೊಂಡಿತು. ಉಳಿದವು ಯಾರ ಯಾರ ಜೇಬಿನಲ್ಲಿವೆಯೋ. ನೋಟಿಸು ಓದಲು ಅಂಗಡಿಗೆ ಮತ್ತೆ ಹೋಗುವವರಲ್ಲ ಅವರು. ಅದಕ್ಕೇ ಟಕ್ಕಮ್ಮನೂ ಗೋಡೌನಿನ ಹೆಣ್ಣುಮಗಳೂ ಈಗಲೂ ಪ್ರತಿ ಭಾನುವಾರ ಹೊರಡುತ್ತಾರೆ. ಬಸ್ ನಿಲ್ದಾಣ, ಲಾರಿ ತಂಗುವ ಜಾಗ, ಕಟ್ಟಡ ಏಳುತ್ತಿರುವ ಕಡೆ, ಸಂತೆ. ಹೋಗಿ, ಅಣ್ಣಾ ನಿನ್ನ ಚಾಕು ತೋರಿಸು ಅನ್ನುವುದು. ಅಪರಿಚಿತ ಹೆಂಗಸು ಬಂದು ಚಾಕು ಕೇಳಿದರೆ ಜನ ಹೇಗೆ ನೋಡುತ್ತಾರೋ ನೀವೇ ಊಹಿಸಿ. ಎರಡು ಸಲ ಪೊಲೀಸರೂ ವಿಚಾರಿಸಿದ್ದಾರೆ. ಪೊಲೀಸರ ಜೇಬಿನಲ್ಲೂ ಒಂದು ಮೂರು ಚುಕ್ಕಿ ಸಿಕ್ಕಿದೆ. ಇದುವರೆಗೆ ಹೀಗೆ ಸಿಕ್ಕವು ಅರವತ್ತನಾಲ್ಕು. ಜಾರುವವನ್ನು ಮುರಿದು, ಬದಲಿಗೆ ಒಳ್ಳೆಯದೊಂದನ್ನು ಕೊಡುತ್ತಾರೆ. ಕಂಪನಿ ಅಷ್ಟನ್ನು ಮಾತ್ರ ಮೂಗು ಮುರಿಯುತ್ತಲೇ ಒಪ್ಪಿಕೊಂಡಿದೆ.

ಈ ಸಲದ ಭಾನುವಾರ ನಾನೂ ಜೊತೆಗೆ ಹೋಗುತ್ತೇನೆ. ಸಂತೆಯ ಕೊನೆಯಲ್ಲಿ ಕಿತ್ತಳೆ ಹಣ್ಣು ಮಾರುವ ಒಬ್ಬರು ಕೂತಿದ್ದಾರೆ. ಗಿರಾಕಿಗೆ ರುಚಿ ತೋರಿಸಲು ಹೋಳು ಮಾಡುತ್ತಿರುವ ಚಾಕುವಿನ ಬುಡದಲ್ಲಿ ಮೂರು ಚುಕ್ಕಿ. ಗೋಡೌನಿನ ಹೆಣ್ಣುಮಗಳಿಗೆ ದೂರದಿಂದಲೇ ಕಾಣಿಸುತ್ತದೆ. ಅವಳು ಟಕ್ಕಮ್ಮನ ಸೆರಗು ಎಳೆಯುತ್ತಾಳೆ.

ಹಣ್ಣಿನವರು ಚಾಕು ಕೊಡಲು ಒಪ್ಪುವುದಿಲ್ಲ. "ಮೂರು ವರ್ಷ ಆಯ್ತು, ನಂಗೇನೂ ಮಾಡಿಲ್ಲ ಇದು. ನೀವ್ಯಾರು ಕೇಳೋಕೆ?"

"ಇದನ್ನ ನೋಡದೇ ಕಳ್ಸಿದೋಳು ಅಂತ ಇಟ್ಕೋ ಅಣ್ಣಾ. ಐದು ನಿಮಿಷ ಕೊಡು."

ಗೊಣಗುತ್ತಲೇ ಕೊಡುತ್ತಾರೆ. ಟಕ್ಕಮ್ಮ ಹಣ್ಣಿನ ರಸವನ್ನು ಒರೆಸಿ, ಮಡಚಿ, ಬಿಚ್ಚಿ, ಕಿವಿಗೊಡುತ್ತಾರೆ. ಸಂತೆಯ ಗದ್ದಲದಲ್ಲಿ ನನಗೆ ಏನೂ ಕೇಳಿಸುವುದಿಲ್ಲ. ಹಣ್ಣಿನ ಪೆಟ್ಟಿಗೆಯ ಮರದ ಅಂಚಿಗೆ ತಟ್ಟುತ್ತಾರೆ. ಒಂದು, ಎರಡು, ಮೂರು. ನಿಲ್ಲುತ್ತದೆ. ನಾಲ್ಕು, ಐದು, ಆರು, ಏಳು. ಗೋಡೌನಿನವಳ ನೆಟ್ಟಗೆ ನಿಂತ ಎರಡು ಬೆರಳುಗಳು ಇನ್ನೊಂದು ಕೈಯ ಮುಷ್ಟಿಯೊಳಗೆ ಸೇರಿಕೊಳ್ಳುತ್ತವೆ. ಎಂಟು, ಒಂಬತ್ತು, ಹತ್ತು. ಅಲಗು ಕದಲುವುದಿಲ್ಲ.

"ಚೆನ್ನಾಗೇ ಇದೆಯಲ್ಲ," ಎಂದು ಹಣ್ಣಿನವರು ಕೈ ಚಾಚುತ್ತಾರೆ. "ಸುಮ್ಮನೆ ನನ್ನ ವ್ಯಾಪಾರ ಕೆಡಿಸಿದ್ರಿ."

ಟಕ್ಕಮ್ಮ ಚಾಕು ಮಡಚಿ, ಹಿಡಿ ಅವರ ಕಡೆಗೆ ಬರುವಂತೆ ತಿರುಗಿಸಿ ಕೊಡುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಮುಖ ಸಡಿಲವಾಗುತ್ತದೆ.

"ಚೆನ್ನಾಗಿದೆ ಅಂತ ಇಷ್ಟು ದಿನ ನಿನಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ ಅಣ್ಣಾ. ಈಗ ನಾನು ನೋಡಿದ್ದೀನಿ. ಧೈರ್ಯವಾಗಿ ಕೊಯ್ಕೊ."